ಪ್ರಯಾಣದಲ್ಲಿ ಸಿಪ್ಯಾಪ್ ಕೈಕೊಟ್ಟರೆ: ಗೋಡೆಯಿಂದ ಮೂಗಿನವರೆಗೆ ಹುಡುಕುವ ಕ್ರಮ

ಊರು ಬಿಟ್ಟು ಹೊರಗೆ ಹೋದಾಗ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಪೈಪು, ಮಾಸ್ಕಿನ ಮೂಲಕ ಗಾಳಿ ಒತ್ತುವ ಮಿಷನ್) ನಿಂತುಹೋದರೆ, ಹೆಚ್ಚಿನ ಸಲ ಕೆಟ್ಟಿರುವುದು ಮಿಷನ್ ಅಲ್ಲ. ಪ್ಲಗ್ ಪಾಯಿಂಟಿನಲ್ಲಿ ಕರೆಂಟ್ ಇರುವುದಿಲ್ಲ. ಅಡಾಪ್ಟರಿನ ಪಿನ್ನು ಸಡಿಲ ಇರುತ್ತದೆ. ನೀರಿನ ಡಬ್ಬಿ ಸರಿಯಾಗಿ ಕೂತಿರುವುದಿಲ್ಲ. ಇಲ್ಲವೇ ಮಾಸ್ಕಿನ ಒಂದು ಚಿಕ್ಕ ತುಂಡು ತೊಳೆದು ಒಣಗಲು ಇಟ್ಟದ್ದು ಮನೆಯ ಬಚ್ಚಲಲ್ಲೇ ಉಳಿದಿರುತ್ತದೆ. ಆದರೆ ಗಾಬರಿಯಲ್ಲಿ ಕೈ ಮೊದಲು ಹೋಗುವುದು ಮಿಷನ್ನಿನ ಬಟನ್ನುಗಳ ಮೇಲೆ. ಸೆಟ್ಟಿಂಗ್ ಎಲ್ಲ ಬದಲಾಯಿಸಿ, ಆಮೇಲೆ ನಿಜವಾದ ದೋಷ ಯಾವುದು, ನಾವು ಮಾಡಿದ್ದು ಯಾವುದು ಅಂತ ಗೊತ್ತಾಗದೆ ಕೂರುತ್ತೇವೆ. ಗೋಡೆಯಿಂದ ಶುರು ಮಾಡಿ ಮೂಗಿನ ಕಡೆಗೆ ಬನ್ನಿ. ಮಿಷನ್ನಿನ ಮೇಲೆ ಅನುಮಾನ ಕಟ್ಟಕಡೆಗೆ.

ಇದು ಒಳಗೆ ಅಷ್ಟೇನೂ ಗೋಜಲಿನ ಯಂತ್ರ ಅಲ್ಲ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಜೊತೆಗಾರರು 1981ರಲ್ಲಿ ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದರು. ಆಗಿನ ಯಂತ್ರ ಓಡುತ್ತಿದ್ದದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟರಿನಿಂದ. ಈಗಲೂ ಮೂಲ ಅದೇ. ಒಂದು ಫ್ಯಾನು, ಒತ್ತಡ ಅಳೆಯುವ ಸೆನ್ಸರು, ನೀರು ಬಿಸಿ ಮಾಡುವ ತಟ್ಟೆ, ಇವನ್ನೆಲ್ಲ ನೋಡಿಕೊಳ್ಳುವ ಒಂದು ಬೋರ್ಡು. ಫ್ಯಾನು ಏಕಾಏಕಿ ಸಾಯುವುದು ಅಪರೂಪ. ಸಾಯುವ ಮೊದಲು ಕಿರುಗುಟ್ಟುತ್ತದೆ, ಸದ್ದು ಜಾಸ್ತಿಯಾಗುತ್ತದೆ.

ಇವರು ರಿಪೇರಿಗೆ ಕೂರಬೇಡಿ

ಮಾಮೂಲಿ ಸ್ಲೀಪ್ ಆಪ್ನಿಯಾಕ್ಕೆ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವ ತೊಂದರೆಗೆ, ಸಿಪ್ಯಾಪ್ ಹಾಕುವವರಿಗೆ ಒಂದು ರಾತ್ರಿ ಮಿಷನ್ ಇಲ್ಲದಿದ್ದರೆ ನಿದ್ದೆ ಕೆಡುತ್ತದೆ, ಮರುದಿನ ತೂಕಡಿಕೆ, ತಲೆನೋವು. ಸಾಮಾನ್ಯವಾಗಿ ಅದು ಆ ರಾತ್ರಿಯೇ ಜೀವಕ್ಕೆ ಬರುವ ಸಂಗತಿ ಅಲ್ಲ. ಆದರೆ ಬೈಪ್ಯಾಪ್ (ಉಸಿರು ಎಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಮಿಷನ್) ಹಾಕುವವರು, ಮಿಷನ್ನಿನ ಜೊತೆಗೆ ಆಕ್ಸಿಜನ್ ಸೇರಿಸಿಕೊಳ್ಳುವವರು, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವವರು, ನರ ಅಥವಾ ಸ್ನಾಯುವಿನ ಕಾಯಿಲೆಯಿಂದ ಉಸಿರಾಟ ದುರ್ಬಲವಾದವರು, ತೂಕ ತುಂಬಾ ಜಾಸ್ತಿಯಿದ್ದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ ಅಂತ ವೈದ್ಯರು ಹೇಳಿದವರು, ಇವರ ಲೆಕ್ಕ ಬೇರೆ. ಇವರಿಗೆ ಪ್ಲಗ್ ಬದಲಾಯಿಸಿ ನೋಡುವಷ್ಟು ಹೊತ್ತು ಸಾಕು. ಅದರಲ್ಲಿ ಸರಿಹೋಗದಿದ್ದರೆ ನೇರವಾಗಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ನಡುರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.

ಉಳಿದವರು ಹುಡುಕಾಟಕ್ಕೆ ಸುಮಾರು ಅರ್ಧ ಗಂಟೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಸಿಗದಿದ್ದರೆ ಬಿಟ್ಟುಬಿಡಿ. ಬೆಳಗಿನ ಜಾವದವರೆಗೂ ಮಿಷನ್ ಬಿಚ್ಚಿಕೊಂಡು ಕೂತರೆ ಇದ್ದ ನಿದ್ದೆಯೂ ಹೋಯಿತು.

ಮಿಷನ್ ಆನ್ ಆಗುತ್ತಲೇ ಇಲ್ಲ

ಪರದೆ ಕಪ್ಪಗಿದೆ, ಸದ್ದಿಲ್ಲ, ಬೆಳಕಿಲ್ಲ ಅಂದರೆ ಮಿಷನ್ನನ್ನು ಮುಟ್ಟಬೇಡಿ. ಮೊಬೈಲ್ ಚಾರ್ಜರನ್ನು ಅದೇ ಪಾಯಿಂಟಿಗೆ ಹಾಕಿ. ಚಾರ್ಜ್ ಆಗದಿದ್ದರೆ ದೋಷ ಗೋಡೆಯದು.

ಹೋಟೆಲು ಮತ್ತು ಲಾಡ್ಜುಗಳಲ್ಲಿ ಇದಕ್ಕೆ ಕಾರಣ ಹಲವು. ಬಾಗಿಲ ಪಕ್ಕ ಕೀ ಕಾರ್ಡು ಸಿಕ್ಕಿಸಿದರೆ ಮಾತ್ರ ಕರೆಂಟ್ ಬರುವ ರೂಮುಗಳಿವೆ. ಜೊತೆಯವರು ಕಾರ್ಡು ತೆಗೆದುಕೊಂಡು ಕೆಳಗೆ ಹೋದರೆ ಎಲ್ಲ ಬಂದ್. ಕೆಲವು ಕಡೆ ಹಾಸಿಗೆಯ ತಲೆಬದಿಯಲ್ಲಿ ಒಂದು ಮಾಸ್ಟರ್ ಸ್ವಿಚ್ ಇರುತ್ತದೆ. ಮಲಗುವಾಗ ಲೈಟೆಲ್ಲ ಒಟ್ಟಿಗೆ ಆರಿಸೋಣ ಅಂತ ಅದನ್ನು ಒತ್ತಿದರೆ ಪಕ್ಕದ ಪ್ಲಗ್ ಪಾಯಿಂಟೂ ಆರುತ್ತದೆ. "ಮಲಗೋ ತನಕ ಚೆನ್ನಾಗಿತ್ತು, ಲೈಟ್ ಆರಿಸಿದ ಕೂಡಲೇ ನಿಂತಿತು" ಅನ್ನುವ ದೂರು ಬಂದರೆ ಮೊದಲು ಈ ಸ್ವಿಚ್ಚನ್ನು ನೋಡಿ.

ಇನ್ನು ಹಳೆಯ ಪಾಯಿಂಟುಗಳು. ಒಳಗಿನ ಹಿಡಿತ ಸಡಿಲವಾಗಿ, ಅಡಾಪ್ಟರಿನ ವಯರು ತನ್ನ ಭಾರಕ್ಕೆ ತಾನೇ ಜಾರುತ್ತದೆ. ನೋಡಲು ಸಿಕ್ಕಿಸಿದ ಹಾಗೇ ಕಾಣುತ್ತದೆ, ಒಳಗೆ ತಾಗಿರುವುದಿಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಯಿಂದ ಮಿಷನ್ ತಂದವರಿಗೆ ಈ ತೊಂದರೆ ಜಾಸ್ತಿ. ಅಲ್ಲಿಯ ಚಪ್ಪಟೆ ಪಿನ್ನಿಗೆ ಇಲ್ಲಿಯ ಪಾಯಿಂಟಿನಲ್ಲಿ ಕೂರುವ ಕನ್ವರ್ಟರ್ ಪಿನ್ನು ಬೇಕು, ಅದು ಅಗ್ಗದ್ದಾದರೆ ಅಲುಗಾಡುತ್ತಲೇ ಇರುತ್ತದೆ. ಅಂಥವರು ದೊಡ್ಡ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಹೋಗುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಅಂತ ಇದ್ದರೆ ಅದು ಎರಡೂ ದೇಶದಲ್ಲಿ ನಡೆಯುತ್ತದೆ. ಬರೀ ಪಿನ್ನು ಬದಲಾದರೆ ಸಾಕು.

ಮೊಬೈಲ್ ಚಾರ್ಜ್ ಆಗುತ್ತಿದೆ, ಮಿಷನ್ ಮಾತ್ರ ಇಲ್ಲ. ಈಗ ಅಡಾಪ್ಟರಿನ ಸರದಿ. ಅದರಲ್ಲಿ ಜೋಡಣೆ ಮೂರು ಕಡೆ ಇರುತ್ತದೆ: ಗೋಡೆಗೆ, ಕಪ್ಪು ಡಬ್ಬಿಗೆ, ಮಿಷನ್ನಿನ ಹಿಂಬದಿಗೆ. ಮೂರನ್ನೂ ಪೂರ್ತಿ ಕಿತ್ತು ಮತ್ತೆ ಒತ್ತಿ ಸಿಕ್ಕಿಸಿ. ಗೋಡೆಯಿಂದ ಡಬ್ಬಿಗೆ ಬರುವ ವಯರು ಹಲವು ಮಾಡೆಲ್‌ಗಳಲ್ಲಿ ಬೇರೆ ಬಿಚ್ಚಿ ಬರುತ್ತದೆ. ಅದೊಂದೇ ಕೆಟ್ಟಿದ್ದರೆ ಅದೇ ಆಕಾರದ ತುದಿಯ ಇನ್ನೊಂದು ವಯರು, ಬಹಳ ಸಲ ಲ್ಯಾಪ್‌ಟಾಪ್ ಚಾರ್ಜರಿನದ್ದೇ, ಹೊಂದುತ್ತದೆ. ಡಬ್ಬಿಯ ಮೇಲೆ ದೀಪವಿದ್ದು ಅದು ಹತ್ತದಿದ್ದರೆ, ಡಬ್ಬಿಯಿಂದ ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಹೋಗಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೈಗೆ ಸಿಕ್ಕ ಇನ್ನೊಂದು ಅಡಾಪ್ಟರನ್ನು ಸುಮ್ನೆ ಹಾಕಿ ನೋಡಬೇಡಿ. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಮಾಡೆಲ್ಲಿನದು 24 ವೋಲ್ಟ್. ಫಿಲಿಪ್ಸ್ ಡ್ರೀಮ್‌ಸ್ಟೇಷನ್ನಿನದು 12 ವೋಲ್ಟ್. ಲ್ಯಾಪ್‌ಟಾಪ್ ಚಾರ್ಜರುಗಳು ಸಾಮಾನ್ಯವಾಗಿ 19–20 ವೋಲ್ಟ್. ವಯರಿನ ಒಂದು ತುದಿ ಹಂಚಿಕೊಳ್ಳಬಹುದು, ಡಬ್ಬಿಯನ್ನು ಹಂಚಿಕೊಳ್ಳಲು ಆಗುವುದಿಲ್ಲ. 500 ರೂಪಾಯಿ ಉಳಿಸಲು ಹೋಗಿ ಮಿಷನ್ನಿನ ಬೋರ್ಡನ್ನೇ ಸುಟ್ಟುಕೊಂಡ ಹಾಗಾಗುತ್ತದೆ.

ಮಳೆಗಾಲದಲ್ಲಿ ಮಲೆನಾಡು, ಕೊಡಗಿನ ಕಡೆ ಹೋದರೆ ಕರೆಂಟ್ ಹೋಗುವುದೇ ಹೆಚ್ಚು. ಹೋಮ್‌ಸ್ಟೇಗೆ ಹೋದ ಕೂಡಲೇ ಕೇಳಿಕೊಳ್ಳಬೇಕಾದ್ದು ಇಷ್ಟು: ಯುಪಿಎಸ್ ಲೈನಿನಲ್ಲಿ ಯಾವ ಪ್ಲಗ್ ಪಾಯಿಂಟ್ ಇದೆ? "ಯುಪಿಎಸ್ ಇದೆ ಸರ್" ಅಂತ ಹೇಳುತ್ತಾರೆ, ಆದರೆ ಅದು ಒಂದು ಲೈಟಿಗೆ, ಒಂದು ಫ್ಯಾನಿಗೆ ಮಾತ್ರ ಇರುತ್ತದೆ. ಪಾಯಿಂಟು ಹಾಲಿನಲ್ಲಿದ್ದರೆ ಎಕ್ಸ್‌ಟೆನ್ಶನ್ ಬಾಕ್ಸ್ ಕೇಳಿ. ಹಳೆಯ ಇನ್ವರ್ಟರಿನಲ್ಲಿ ಅಡಾಪ್ಟರ್ ಗುಂಯ್ ಅಂದು ಬಿಸಿಯೇರಿದರೆ ಅದು ಮನೆ ಕರೆಂಟಿನ ಥರದ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಅಲ್ಲ ಅಂತ ಅನುಮಾನಿಸಿ. ನೀರು ಬಿಸಿ ಮಾಡಿ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರನ್ನೂ ಬಿಸಿ ಪೈಪನ್ನೂ ಆಫ್ ಮಾಡಿ ಲೋಡ್ ತಗ್ಗಿಸಿ. ಆಗಲೂ ಮುಟ್ಟಲಾರದಷ್ಟು ಬಿಸಿಯಾದರೆ ತೆಗೆದುಬಿಡಿ.

ನಿದ್ದೆಯಲ್ಲಿರುವಾಗ ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಗಾಳಿ ನಿಂತ ಕೂಡಲೇ ತೆರೆದುಕೊಳ್ಳುವ ಒಂದು ಕವಾಟ ಇರುತ್ತದೆ. ಮೂಗಿನ ಮಾಸ್ಕಿನವರಿಗೆ ಬಾಯಿ ಖಾಲಿಯಿದೆ. ಹಾಗಂತ ಮಿಷನ್ ನಿಂತಿದೆ ಅಂತ ಗೊತ್ತಾದ ಮೇಲೂ ಮಾಸ್ಕ್ ಹಾಕಿಕೊಂಡೇ ಮಲಗಬಾರದು. ತೆಗೆಯಿರಿ.

ರೈಲು, ಬಸ್ಸು, ಬ್ಯಾಟರಿ

ರಾತ್ರಿ ರೈಲಿನಲ್ಲಿ ಎಸಿ ಕೋಚಿನ ಪಾಯಿಂಟು 110 ವೋಲ್ಟಿನದು. ಅಡಾಪ್ಟರಿಗೆ ಅದು ಸಾಲುತ್ತದೆ. ತೊಂದರೆ ಬೇರೆಯೇ ಇದೆ. ಬೆಂಕಿ ಅನಾಹುತ ತಪ್ಪಿಸಲು ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟುಗಳನ್ನು ಆಫ್ ಮಾಡಬೇಕು ಅಂತ ರೈಲ್ವೆ 2021ರಲ್ಲಿ ತೀರ್ಮಾನಿಸಿತು. ಮಲಗುವ ಹೊತ್ತಿಗೇ ಸರಿಯಾಗಿ! ಆದ್ದರಿಂದ ರೈಲಿನಲ್ಲಿ ಮಧ್ಯರಾತ್ರಿ ಮಿಷನ್ ನಿಂತರೆ ಅದು ಕೆಟ್ಟಿದೆ ಅಂತ ತಿಳಿಯಬೇಡಿ. ಕೋಚ್ ಅಟೆಂಡೆಂಟ್ ಹತ್ತಿರ ಮೊದಲೇ ಮಾತಾಡಿ, ವೈದ್ಯರ ಚೀಟಿ ತೋರಿಸಿ. ಒಪ್ಪಿದರೆ ಒಳ್ಳೆಯದು. ಆದರೆ ಅದನ್ನು ನಂಬಿಕೊಂಡು ಹೊರಡಬೇಡಿ. ಸ್ಲೀಪರ್ ಬಸ್ಸಿನ ಪಾಯಿಂಟಂತೂ ಮೊಬೈಲಿಗೆ ಅಂತಲೇ ಕೊಟ್ಟದ್ದು, ಸಿಪ್ಯಾಪ್ ಹಾಕಿದರೆ ಟ್ರಿಪ್ ಆದರೂ ಆಶ್ಚರ್ಯವಿಲ್ಲ.

ಹಾಗಾಗಿ ಬ್ಯಾಟರಿ. ಹ್ಯೂಮಿಡಿಫೈಯರ್ ಇಲ್ಲದೆ, ಮಧ್ಯಮ ಒತ್ತಡದಲ್ಲಿ, ಮಿಷನ್ ಎಳೆಯುವುದು ಸುಮಾರು 10 ವಾಟಿನ ಆಸುಪಾಸು. ಅಂದರೆ ಏಳು ಗಂಟೆಗೆ 70 ವಾಟ್-ಅವರ್. ನೀರು ಬಿಸಿ ಮಾಡುವುದು, ಪೈಪು ಬಿಸಿ ಮಾಡುವುದು ಸೇರಿದರೆ ಅದು ನಾಲ್ಕೈದು ಪಟ್ಟಾಗುತ್ತದೆ. "ಬ್ಯಾಟರಿ ಪೂರ್ತಿ ರಾತ್ರಿ ಬರುತ್ತೆ ಅಂದಿದ್ರು, ಎರಡು ಗಂಟೆಗೇ ಖಾಲಿ" ಅನ್ನುವವರು ಹ್ಯೂಮಿಡಿಟಿಯನ್ನು ಸೊನ್ನೆಗೆ ತಂದು ನೋಡಿ. ಬ್ಯಾಟರಿ ಹಾಳಾಗಿರುವುದಿಲ್ಲ, ಹೀಟರು ಕುಡಿದಿರುತ್ತದೆ. ಮೊಬೈಲಿನ ಪವರ್ ಬ್ಯಾಂಕ್ ಆಗುತ್ತದಾ? 20,000 ಎಂಎಎಚ್ ಅಂದರೆ ಸುಮಾರು 74 ವಾಟ್-ಅವರ್, ಲೆಕ್ಕಕ್ಕೆ ಹತ್ತಿರ ಬಂತು. ಆದರೆ ಅದರ ವೋಲ್ಟೇಜು ಮಿಷನ್ನಿಗೆ ಹೊಂದುವುದಿಲ್ಲ. ನಿಮ್ಮ ಮಾಡೆಲ್ಲಿಗೆ ಅಂತಲೇ ಬರುವ ಬ್ಯಾಟರಿ ಅಥವಾ ಡಿಸಿ ಕನ್ವರ್ಟರ್ ಬೇಕು. ಕಾರಿನ 12 ವೋಲ್ಟ್ ಪಾಯಿಂಟಿನಿಂದ ಓಡಿಸುವ ಕನ್ವರ್ಟರೂ ಸಿಗುತ್ತದೆ. ಇಂಜಿನ್ ಆಫ್ ಮಾಡಿ ರಾತ್ರಿಯಿಡೀ ಓಡಿಸಿದರೆ ಬೆಳಗ್ಗೆ ಕಾರನ್ನು ತಳ್ಳಬೇಕಾಗಬಹುದು, ಅಷ್ಟೇ.

ವಿಮಾನದಲ್ಲಿ ಲಿಥಿಯಂ ಬ್ಯಾಟರಿ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. 100 ವಾಟ್-ಅವರ್‌ವರೆಗೆ ಸಾಮಾನ್ಯವಾಗಿ ತಕರಾರಿಲ್ಲ. 100ರಿಂದ 160ರವರೆಗಿನದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ಮಿಷನ್ನನ್ನೂ ಕೈಯಲ್ಲೇ ಇಟ್ಟುಕೊಳ್ಳಿ. ಚೆಕ್-ಇನ್ ಲಗೇಜಿನಲ್ಲಿ ಹಾಕಿದರೆ, ಬ್ಯಾಗು ಬೇರೆ ಊರಿಗೆ ಹೋಯಿತು ಅಂದಾಗ ಈ ಕೈಪಿಡಿಯಿಂದ ಏನೂ ಉಪಯೋಗವಾಗುವುದಿಲ್ಲ.

ಆನ್ ಆಗುತ್ತದೆ, ಗಾಳಿ ಸಾಲುವುದಿಲ್ಲ

ಮೊದಲು ಒಂದು ಗುಮಾನಿ ತೀರಿಸಿಕೊಳ್ಳಿ. ರ್‍ಯಾಂಪ್ ಆನ್ ಇದ್ದರೆ ಮಿಷನ್ ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಹೊಸ ಜಾಗದಲ್ಲಿ, ನಿದ್ದೆ ಬಾರದ ರಾತ್ರಿಯಲ್ಲಿ, ಆ ಮೊದಲ ಹೊತ್ತು "ಗಾಳಿನೇ ಬರ್ತಿಲ್ಲ" ಅನಿಸುವುದು ಸಹಜ.

ರ್‍ಯಾಂಪ್ ಅಲ್ಲ ಅಂತಾದರೆ ಅರ್ಧರ್ಧ ಮಾಡಿ ಹುಡುಕಿ. ಪೈಪನ್ನು ಮಿಷನ್ನಿನಿಂದ ಬಿಚ್ಚಿ, ಮಿಷನ್ ಆನ್ ಮಾಡಿ, ಗಾಳಿ ಬರುವ ಬಾಯಿಗೆ ಅಂಗೈ ಹಿಡಿಯಿರಿ. ಗಾಳಿ ಜೋರಾಗಿ ನುಗ್ಗುತ್ತಿದ್ದರೆ ಮಿಷನ್ ಬಹುಪಾಲು ಚೆನ್ನಾಗಿದೆ, ದೋಷ ಮುಂದಿದೆ. ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ಅಂಗೈ ಹಿಡಿಯಿರಿ. ಇಲ್ಲಿ ಗಾಳಿ ಸೊರಗಿದರೆ ಪೈಪು. ಇಲ್ಲೂ ಚೆನ್ನಾಗಿದ್ದರೆ ಮಾಸ್ಕು.

ಮಿಷನ್ನಿನ ಬಾಯಲ್ಲೇ ಗಾಳಿ ಕಡಿಮೆಯಿದ್ದರೂ ಫ್ಯಾನನ್ನು ಬೈಯುವ ಮೊದಲು ಎರಡು ಕಡೆ ನೋಡಬೇಕು. ಒಂದು, ಗಾಳಿ ಎಳೆಯುವ ಕಡೆಯ ಫಿಲ್ಟರು. ಧೂಳಿನಿಂದ ಬೂದುಗಟ್ಟಿದೆಯಾ? ಮಿಷನ್ನನ್ನು ದಿಂಬಿಗೋ ಪರದೆಗೋ ಒತ್ತಿ ಇಟ್ಟಿದ್ದೀರಾ? ಬಿಳಿ ಹತ್ತಿಯ ಥರದ ಫಿಲ್ಟರನ್ನು ತೊಳೆಯಬಾರದು, ಬದಲಾಯಿಸಬೇಕು. ಸ್ಪಂಜಿನ ಥರದ್ದನ್ನು ತೊಳೆದು ಪೂರ್ತಿ ಒಣಗಿಸಿ ಹಾಕಬಹುದು. ಫಿಲ್ಟರೇ ಇಲ್ಲದೆ ಓಡಿಸಬೇಡಿ. ಎರಡನೆಯದು, ನೀರಿನ ಡಬ್ಬಿ. ಇದನ್ನು ಯಾರೂ ಅನುಮಾನಿಸುವುದಿಲ್ಲ. ಏರ್‌ಸೆನ್ಸ್ 10 ಥರದ ಮಿಷನ್ನುಗಳಲ್ಲಿ ಗಾಳಿ ಡಬ್ಬಿಯ ಮೂಲಕವೇ ಹೊರಗೆ ಬರುತ್ತದೆ. ಬ್ಯಾಗಿನಲ್ಲಿ ಒತ್ತಿಕೊಂಡು ಮುಚ್ಚಳ ಸೀಳಿದ್ದರೆ, ಒಳಗಿನ ರಬ್ಬರ್ ಪಟ್ಟಿ ಮಡಚಿಕೊಂಡಿದ್ದರೆ, ಗಾಳಿ ಅಲ್ಲೇ ಸೋರಿಹೋಗುತ್ತದೆ. ಡಬ್ಬಿ ಒಡೆದಿದ್ದರೆ ಅದರ ಜಾಗಕ್ಕೆ ಹಾಕುವ ಸೈಡ್ ಕವರ್ ಬೇಕು. ಮಿಷನ್ ಕೊಂಡಾಗ ಅದು ಬಂದಿದ್ದರೆ ಪೆಟ್ಟಿಗೆಯಿಂದ ತೆಗೆದು ಪ್ರಯಾಣದ ಬ್ಯಾಗಿಗೆ ಹಾಕಿಡಿ. ಎಷ್ಟೋ ಜನರಿಗೆ ಅದು ಯಾಕೆ ಕೊಟ್ಟಿದ್ದಾರೆ ಅಂತಲೇ ಗೊತ್ತಿಲ್ಲ.

ಪೈಪು ಸೋರುತ್ತಿದೆ ಅಂತ ಅನುಮಾನ, ತೂತು ಕಾಣುತ್ತಿಲ್ಲ. ಪಂಚರ್ ಅಂಗಡಿಯವರು ಟ್ಯೂಬು ನೋಡುವ ಹಾಗೇ ನೋಡಿ. ಒಂದು ತುದಿಯನ್ನು ಅಂಗೈಯಲ್ಲಿ ಮುಚ್ಚಿ, ಪೈಪನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿ. ಗುಳ್ಳೆ ಬಂದ ಕಡೆ ತೂತು. ಇದು ಸಾದಾ ಪೈಪಿಗೆ ಮಾತ್ರ. ಬಿಸಿಯಾಗುವ ಪೈಪಿನೊಳಗೆ ವಯರಿದೆ, ಅದನ್ನು ಮುಳುಗಿಸಬೇಡಿ, ಕೆನ್ನೆ ಹತ್ತಿರ ಹಿಡಿದು ಗಾಳಿ ತಾಗುತ್ತದಾ ನೋಡಿ. ಸಾದಾ ಪೈಪಿನ ತೂತಿಗೆ ಒರೆಸಿ ಒಣಗಿಸಿ ಇನ್ಸುಲೇಷನ್ ಟೇಪನ್ನು ಬಿಗಿಯಾಗಿ ಸುತ್ತಿದರೆ ಕೆಲವು ರಾತ್ರಿ ದೂಡಬಹುದು. ಬಿಸಿ ಪೈಪು ಹರಿದಿದ್ದರೆ ಟೇಪಿನ ಉಸಾಬರಿ ಬೇಡ. ಹೆಚ್ಚಿನ ಮಿಷನ್ನುಗಳಿಗೆ ಮಾಮೂಲಿ 22 ಮಿಲಿಮೀಟರ್ ಬಾಯಿಯ ಸಾದಾ ಪೈಪು ಕೂರುತ್ತದೆ. ಬಿಸಿ ಇರುವುದಿಲ್ಲ, ಗಾಳಿ ಇರುತ್ತದೆ.

ಮಾಸ್ಕಿನಲ್ಲಿ ಸೋರಿಕೆ ಹುಡುಕುವಾಗ ಒಂದು ಎಚ್ಚರ. ಮಾಸ್ಕಿನ ಮುಂಭಾಗದಲ್ಲೋ ಮೊಣಕೈಯಂಥ ತುಂಡಿನಲ್ಲೋ ಸಣ್ಣ ಸಣ್ಣ ತೂತುಗಳಿರುತ್ತವೆ, ಅಲ್ಲಿಂದ ಸದಾ ಸುಯ್ ಅಂತ ಗಾಳಿ ಬರುತ್ತದೆ. ಅದು ಸೋರಿಕೆ ಅಲ್ಲ. ನೀವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ. ಅದಕ್ಕೆ ಟೇಪ್ ಹಚ್ಚಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೀರಿ. ಎಂಥ ಪರಿಸ್ಥಿತಿಯಲ್ಲೂ ಅದನ್ನು ಮುಚ್ಚಬಾರದು.

ನಿಜವಾದ ಸೋರಿಕೆ ಇರುವುದು ಅಂಚಿನಲ್ಲಿ. ದಿನವಿಡೀ ಪ್ರಯಾಣ ಮಾಡಿ ಎಣ್ಣೆಗಟ್ಟಿದ ಮುಖಕ್ಕೆ ಸಿಲಿಕೋನ್ ಹಿಡಿಯುವುದಿಲ್ಲ. ಮುಖ ತೊಳೆಯಿರಿ, ಕುಶನ್ನನ್ನೂ ಸೋಪಿನ ನೀರಿನಲ್ಲಿ ತೊಳೆದು ಒರೆಸಿ. ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಬೆಲ್ಟು ಸರಿಮಾಡಿ. ಕೂತು ಕಟ್ಟಿಕೊಂಡದ್ದು ಮಲಗಿದಾಗ ಸರಿಯುತ್ತದೆ. ಬೆಲ್ಟಿನ ಕ್ಲಿಪ್ ಮುರಿದಿದ್ದರೆ ಪೈಜಾಮದ ಲಾಡಿ, ಕೂದಲಿಗೆ ಹಾಕುವ ಅಗಲ ಬ್ಯಾಂಡು, ವೆಲ್ಕ್ರೊ ಹೋಗಿದ್ದರೆ ಪಿನ್ನು. ಚೂಪು ಹೊರಗಿರಲಿ.

ಪೈಪಿನೊಳಗೆ ಗುಳುಗುಳು

ಎಸಿ ರೂಮಿನಲ್ಲಿ, ಚಿಕ್ಕಮಗಳೂರಿನ ಚಳಿಯಲ್ಲಿ, ಪೈಪಿನೊಳಗೆ ಹಬೆ ತಣಿದು ನೀರಾಗುತ್ತದೆ. ಮುಖಕ್ಕೆ ಚಿಮ್ಮುತ್ತದೆ, ಮಿಷನ್ನಿನ ಒತ್ತಡವೂ ಏರಿಳಿದ ಹಾಗೆ ಕೇಳಿಸುತ್ತದೆ. ಮಿಷನ್ನನ್ನು ಹಾಸಿಗೆಗಿಂತ ಕೆಳಗೆ ಇಡಿ, ನೀರು ಹಿಂದಕ್ಕೆ ಇಳಿಯಲಿ. ಹ್ಯೂಮಿಡಿಟಿ ಒಂದೆರಡು ಅಂಕ ಇಳಿಸಿ. ಪೈಪನ್ನು ಹೊದಿಕೆಯೊಳಗೆ ತೆಗೆದುಕೊಳ್ಳಿ.

ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಒಂದೆರಡು ರಾತ್ರಿಗೆ ಕುದಿಸಿ ಆರಿಸಿದ ನೀರು ನಡೆಯುತ್ತದೆ. ಬಿಳಿ ಕಲೆ ಬೀಳಬಹುದು, ಮನೆಗೆ ಬಂದು ತೊಳೆದರಾಯಿತು. ಲಾಡ್ಜಿನ ನಲ್ಲಿ ನೀರು ಬೇಡ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರೂ ಬೇಡ, ಅದನ್ನು ಉಸಿರಿಗೆ ಅಂತ ಮಾಡಿರುವುದಿಲ್ಲ. ಏನೂ ಇಲ್ಲವಾ? ಡಬ್ಬಿ ಖಾಲಿ ಇರಲಿ, ಹ್ಯೂಮಿಡಿಫೈಯರ್ ಆಫ್ ಮಾಡಿ. ಬಾಯಿ ಒಣಗುತ್ತದೆ, ಚಿಕಿತ್ಸೆ ನಿಲ್ಲುವುದಿಲ್ಲ.

ನೀರು ತುಂಬಿದ ಡಬ್ಬಿಯ ಸಮೇತ ಮಿಷನ್ನನ್ನು ಬ್ಯಾಗಿಗೆ ಹಾಕಿದ್ದರೆ ಮಾತ್ರ ಸ್ವಲ್ಪ ಗಂಭೀರ. ನೀರು ಫ್ಯಾನಿನ ಕಡೆಗೆ ಹೋಗಿರಬಹುದು. ಪ್ಲಗ್ ಹಾಕಬೇಡಿ. ಡಬ್ಬಿ ತೆಗೆದು, ಮಿಷನ್ ಓರೆ ಮಾಡಿ ಸುರಿಸಿ, ಗಾಳಿಯಾಡುವ ಕಡೆ ಪೂರ್ತಿ ಒಣಗಲು ಬಿಡಿ. ಹೇರ್ ಡ್ರೈಯರಿನ ಬಿಸಿ ಗಾಳಿ ಬೇಡ.

ಪರದೆಯ ಸಂದೇಶಗಳು, ಎತ್ತರದ ಊರುಗಳು

ಎಸ್‌ಡಿ ಕಾರ್ಡ್ ದೋಷ ಅಂತ ಬಂದರೆ ಕಾರ್ಡು ತೆಗೆದುಬಿಡಿ, ಅದಿಲ್ಲದೆಯೂ ಗಾಳಿ ಬರುತ್ತದೆ. ಮೋಟರಿನ ಆಯಸ್ಸು ಮುಗಿದಿದೆ ಅನ್ನುವುದು ಗಂಟೆಗಳ ಲೆಕ್ಕದ ಎಚ್ಚರಿಕೆ, ಆ ರಾತ್ರಿಯೇ ನಿಲ್ಲುತ್ತದೆ ಅಂತ ಅಲ್ಲ. ಬೇರೆ ಯಾವುದೇ ಸಂದೇಶ ಬಂದರೂ ಫೋಟೋ ತೆಗೆದು, ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ. ಮತ್ತೆ ಅದೇ ಬಂದರೆ ಸರ್ವೀಸಿನವರ ಕೆಲಸ.

ಊಟಿ, ಕೊಡೈಕನಾಲಿನ ಎತ್ತರ ಈಗಿನ ಮಿಷನ್ನುಗಳಿಗೆ ಲೆಕ್ಕಕ್ಕಿಲ್ಲ, ತಾವೇ ಹೊಂದಿಕೊಳ್ಳುತ್ತವೆ. ಲೇಹ್ ಹಾಗಲ್ಲ. ಅದು ಸುಮಾರು 3,500 ಮೀಟರ್. ಏರ್‌ಸೆನ್ಸ್ 10ಕ್ಕೆ ಕಂಪನಿ ಹೇಳುವ ಮಿತಿ 2,591 ಮೀಟರ್. ಅಲ್ಲಿ ಒತ್ತಡ ಸಾಲದಿದ್ದರೆ ಅದು ದೋಷ ಅಲ್ಲ, ಮಿಷನ್ನಿನ ಮಿತಿ. ಲಡಾಖಿಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಏನೂ ಆಗಲಿಲ್ಲ: ಮಿಷನ್ ಇಲ್ಲದ ರಾತ್ರಿ

ಅಂಗಾತ ಮಲಗಬೇಡಿ. ಪಕ್ಕಕ್ಕೆ ಮಲಗಿದರೆ ಬಹಳ ಜನರಿಗೆ ಉಸಿರು ಕಟ್ಟುವುದು ಕಡಿಮೆಯಾಗುತ್ತದೆ. ನಿದ್ದೆಯಲ್ಲಿ ಹೊರಳುವವರು ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಇಟ್ಟ ಕಾಲುಚೀಲವನ್ನು ಪಿನ್ನು ಮಾಡಿಕೊಳ್ಳಬಹುದು. ನಗು ಬರಬಹುದು, ಆದರೆ ನಿದ್ರೆಯ ವೈದ್ಯರೂ ಹೇಳುವ ಉಪಾಯವೇ ಇದು. ತಲೆಯ ಕಡೆ ಎತ್ತರ ಮಾಡಿ, ಬರೀ ಕುತ್ತಿಗೆ ಮಡಚುವ ಹಾಗೆ ಅಲ್ಲ, ಬೆನ್ನಿನಿಂದಲೇ ಇಳಿಜಾರಾಗುವ ಹಾಗೆ. ಮೂಗು ಕಟ್ಟಿದ್ದರೆ ಸಲೈನ್ ಡ್ರಾಪ್ಸ್ ಹಾಕಿ.

ಆ ರಾತ್ರಿ ಗುಂಡು ಬೇಡ. ನಿದ್ದೆ ಮಾತ್ರೆಯಂತೂ ಬೇಡವೇ ಬೇಡ. ಎರಡೂ ಗಂಟಲಿನ ಸ್ನಾಯು ಸಡಿಲಿಸುತ್ತವೆ, ಉಸಿರು ನಿಂತಾಗ ಎಚ್ಚರವಾಗುವುದನ್ನೂ ತಡಮಾಡುತ್ತವೆ. ಯಾರೋ ಆಕ್ಸಿಜನ್ ಸಿಲಿಂಡರ್ ತಂದುಕೊಡುತ್ತೇನೆ ಅಂದರೂ ವೈದ್ಯರು ಹೇಳದೆ ಹಾಕಿಕೊಳ್ಳಬೇಡಿ. ಅದು ಮುಚ್ಚಿದ ಗಂಟಲನ್ನು ತೆರೆಯುವುದಿಲ್ಲ, ಕೆಲವರಿಗೆ ಇಂಗಾಲದ ಡೈಆಕ್ಸೈಡ್ ಏರಿಸಿ ಕೆಡುಕನ್ನೇ ಮಾಡುತ್ತದೆ.

ಮರುದಿನ ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿರಲಿ. ಶಿರಾಡಿ ಘಾಟಿಯಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದರೆ ಸಾಕು, ಅಲ್ವಾ? ಓಡಿಸುವವರು ನೀವೊಬ್ಬರೇ ಆಗಿದ್ದರೆ ಹೊರಡುವುದನ್ನು ಮುಂದೂಡಿ.

ಬೆಳಗ್ಗೆ ಎದ್ದು

ಮೆಡಿಕಲ್ ಕಾಲೇಜು ಇರುವ ಊರಾದರೆ ಆಸ್ಪತ್ರೆಯ ಎದುರಿನ ಸಾಲಿನಲ್ಲಿ ಸರ್ಜಿಕಲ್ಸ್ ಅಂಗಡಿ ಇದ್ದೇ ಇರುತ್ತದೆ. ಪೈಪು, ಫಿಲ್ಟರು ಅಲ್ಲಿ ಕೇಳಿ. ಮಾಸ್ಕು, ಅಡಾಪ್ಟರು ಇಲ್ಲದಿದ್ದರೂ ತರಿಸಿಕೊಡುವವರ ನಂಬರು ಸಿಗುತ್ತದೆ. ದೊಡ್ಡ ಊರುಗಳಲ್ಲಿ ಹೋಮ್ ಕೇರ್‌ನವರು ಸಿಪ್ಯಾಪ್ ಬಾಡಿಗೆಗೂ ಕೊಡುತ್ತಾರೆ. ಬಾಡಿಗೆ ಮಿಷನ್ನಿನಲ್ಲಿ ಹಿಂದಿನವರ ಒತ್ತಡ ಹಾಗೇ ಉಳಿದಿರಬಹುದು. ನಿಮ್ಮ ಚೀಟಿಯಲ್ಲಿರುವ ಸಂಖ್ಯೆ ಹಾಕಿಸಿಕೊಂಡೇ ತನ್ನಿ. ಇದಕ್ಕಾಗಿಯೇ ಆ ಚೀಟಿಯ ಫೋಟೋ ಮೊಬೈಲಿನಲ್ಲಿರಬೇಕು. ಮಾಸ್ಕು ಮತ್ತು ಪೈಪು ನಿಮ್ಮದೇ ಬಳಸಿ. ಕೊಡುತ್ತಿರುವುದು ಹಳೆಯ ಫಿಲಿಪ್ಸ್ ಮಾಡೆಲ್ ಆದರೆ ಇನ್ನೊಂದು ಪ್ರಶ್ನೆ ಕೇಳಿ. ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಫೋಮು ಪುಡಿಯಾಗಿ ಗಾಳಿಯಲ್ಲಿ ಸೇರಬಹುದು ಅನ್ನುವ ಕಾರಣಕ್ಕೆ ಆ ಕಂಪನಿ 2021ರ ಜೂನ್‌ನಲ್ಲಿ ಮೊದಲ ಡ್ರೀಮ್‌ಸ್ಟೇಷನ್ ಸೇರಿ ಹಲವು ಮಾಡೆಲ್‌ಗಳನ್ನು ವಾಪಸ್ ಕರೆದಿತ್ತು. ಇದು ಆ ಪಟ್ಟಿಯದ್ದಾ, ದುರಸ್ತಿ ಆಗಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಸರ್ವೀಸಿಗೆ ಫೋನ್ ಮಾಡುವಾಗ ಮಿಷನ್ನಿನ ಲೇಬಲ್ಲಿನಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ನಂಬರು, ಪರದೆಯ ಫೋಟೋ ಕೈಯಲ್ಲಿರಲಿ. "ಕೆಲಸ ಮಾಡ್ತಿಲ್ಲ" ಅನ್ನುವ ಬದಲು "ಅಡಾಪ್ಟರಿನ ದೀಪ ಹತ್ತುತ್ತದೆ, ಪರದೆ ಬರುತ್ತದೆ, ಪೈಪು ಬಿಚ್ಚಿದರೂ ಗಾಳಿ ಇಲ್ಲ" ಅಂತ ಹೇಳಿದರೆ ಅರ್ಧ ಪರೀಕ್ಷೆ ಫೋನಿನಲ್ಲೇ ಮುಗಿಯುತ್ತದೆ. ಮಿಷನ್ ಕೊರಿಯರ್ ಮಾಡಿ ಅಂದರೆ ನೀರಿನ ಡಬ್ಬಿ ಒಣಗಿಸಿ ಬೇರೆ ಕಟ್ಟಿ, ಅಡಾಪ್ಟರನ್ನೂ ಜೊತೆಗೆ ಕಳಿಸಿ, ಎಸ್‌ಡಿ ಕಾರ್ಡು ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.